ಫೋಟೋಕ್ಕೆ ಬಂದ ಬಸ್ಸು

ರಸ್ತೆಯಾದರೆ ಊರಿಗೆ ಬಸ್ಸು ಬರುತ್ತದೆಂದು ನಂಬಿಸಿ, ಸರ್ಕಾರದ ಉದ್ಯೋಗ ಯೋಜನೆಯಲ್ಲಿ ಹೆಂಗಸರಿಂದ ಅರ್ಧ ಕೂಲಿಗೆ ಮಣ್ಣು ಹೊರಿಸಿದರು. ರಸ್ತೆಯಾಯಿತು, ಬಸ್ಸು ಬರಲಿಲ್ಲ.

ರಸ್ತೆಯ ಉದ್ಘಾಟನೆಯ ದಿನ ಬಸ್ಸು ಬಂತು, ಬಾಳೆಕಂದು ಕಟ್ಟಿಕೊಂಡು. ಮಣ್ಣು ಹೊತ್ತಿದ್ದ ಹುಲಿಗೆವ್ವ ತುಂಬು ಬಸುರಿ ಮಗಳ ಕೈಹಿಡಿದು ಎಲ್ಲರಿಗಿಂತ ಮೊದಲು ಹತ್ತಿದಳು.

“ಹಲ್ಲು ಕಾಣಂಗ ನಗ್ರಿ!” ಎಂದ ರಸ್ತೆ ಮಾಡಿಸಿದ ಎಂಜಿನಿಯರ್ ಸಾಹೇಬ. ಎಲ್ಲರೂ ನಕ್ಕರು. ಮಗಳೂ ನಕ್ಕಳು, ಸೀಟಿನ ಕಂಬಿ ಬಿಗಿಹಿಡಿದು.

“ಇನ್ನ ಇಳೀರಿ. ಬಸ್ಸು ಫೋಟೋಕ್ಕಷ್ಟ ತರಿಸಿದ್ದು.”

ಮಂದಿ ಗೊಣಗುತ್ತ ಇಳಿದರು. ಸಾಹೇಬ ಕೂತೇ ಇದ್ದ ಹುಲಿಗೆವ್ವನತ್ತ ತಿರುಗಿದ.

“ನಿನಗ ಬ್ಯಾರೆ ಹೇಳಬೇಕೇನಬೇ?”

“ಮಗಳಿಗೆ ಮುಂಜಾನಿಂದ ಹೆರಿಗಿ ಬ್ಯಾನಿರೀ ಯಪ್ಪಾ. ಆಸ್ಪತ್ರಿ ಮುಂದ ಇಳಿತೀವಿ.”

ಸಾಹೇಬ ಕೈಸನ್ನೆ ಮಾಡಿದ. ಡ್ರೈವರ್ ಎಂಜಿನ್ ಆರಿಸಿ, ಕೀಲಿ ತೆಗೆದುಕೊಂಡು ಇಳಿದುಹೋದ.

ಮಗಳ ತಲೆಯನ್ನು ತೊಡೆಗೆ ಎಳೆದುಕೊಂಡ ಹುಲಿಗೆವ್ವ ಇಳಿಯಲಿಲ್ಲ.