ದೊರೆಯ ಹಳದಿ ಟವೆಲ್ಲು

ಲಾಂಡ್ರಿಯ ಗಂಡುಬೆಕ್ಕು ದೊರೆ ಬುಸ್ಸೆಂದ. ಅವನ ಬಾಲ ಬಾಟಲಿ ತೊಳೆಯುವ ಬ್ರಷ್ಷಿನಷ್ಟು ದಪ್ಪವಾಯಿತು. ಅಂಗೈಯಗಲದ ಮರಿ ಇಸ್ತ್ರಿ ಮೇಜಿನ ಕೆಳಗೆ ತೂರಿ ಗೋಡೆಗಂಟಿ ಕುಳಿತಿತು.

"ಆಯ್ತಲ್ಲ!" ಎಂದರು ದೊಡ್ಡಮ್ಮ, ಅಂಗಿಯ ಕಾಲರಿಗೆ ಇಸ್ತ್ರಿ ಎಳೆಯುತ್ತಲೇ. "ಮೊದಲೇ ಹೇಳಿದ್ದೆ. ಲಾಂಡ್ರಿ ನಂದು, ಮನೆ ನಂದು. ಬೆಕ್ಕಿನ ವಿಷಯಕ್ಕೆ ಬಂದ್ರೆ ದೊರೆ ಹೇಳಿದ್ದೇ ಕೊನೆ. ಸಂಜೆ ಅದನ್ನ ತಂದಲ್ಲಿಗೇ ಬಿಟ್ಟು ಬಾ."

ಮರಿಯನ್ನು ತಂದದ್ದು ಬಸ್ ಡಿಪೋ ಹಿಂದಿನ ಹಳೇ ಟೈರುಗಳ ರಾಶಿಯಿಂದ. ತಾಯಿಬೆಕ್ಕಿನ ಸುಳಿವೇ ಇರಲಿಲ್ಲ.

ಅದನ್ನು ತಂದಿದ್ದ, ದೊಡ್ಡಮ್ಮನ ತಂಗಿಯ ಮಗಳು ಪೆಚ್ಚಾದಳು. ದೊರೆಗೆ ಮರಿಯನ್ನು ಒಗ್ಗಿಸುವ ಕ್ರಮದಲ್ಲಿ ಎಲ್ಲೂ ತಪ್ಪಿರಲಿಲ್ಲ ಅವಳು. ವಾರವಿಡೀ ಮರಿಯನ್ನು ಮಹಡಿಯ ಕೋಣೆಯಲ್ಲೇ ಇಟ್ಟಿದ್ದಳು. ದಿನಾ ಬೆಳಿಗ್ಗೆ ಹಳದಿ ಟವೆಲ್ಲಿನಿಂದ ಅದರ ಕೆನ್ನೆ, ಬೆನ್ನು ಒರೆಸಿ, ಆ ಟವೆಲ್ಲನ್ನು ಅಂಗಡಿಯ ಮೂಲೆಯಲ್ಲಿ ದೊರೆಯ ತಟ್ಟೆಯ ಕೆಳಗೆ ಹಾಸಿ ಕಾಲೇಜಿಗೆ ಹೋಗುತ್ತಿದ್ದಳು. ದೊರೆ ಅದರ ಮೇಲೆ ಮಹಾರಾಜನ ಹಾಗೆ ಕೂತು ತಿನ್ನುತ್ತಿದ್ದಾನೆಂದು ದೊಡ್ಡಮ್ಮನೇ ವರದಿ ಕೊಟ್ಟಿದ್ದರು. ಮರಿಯ ವಾಸನೆ ಅವನಿಗೆ ಒಗ್ಗಿದರೆ ಅರ್ಧ ಗೆದ್ದಂತೆ ಎಂದು ಇವಳೂ ಜಂಬ ಕೊಚ್ಚಿಕೊಂಡಿದ್ದಳು.

ಬಗ್ಗಿ ಟವೆಲ್ಲು ಎತ್ತಿ ಮೂಸಿದಳು. ಘಮಘಮ ಸೋಪು.

"ದೊಡ್ಡಮ್ಮಾ, ಇದನ್ನ ಒಗೆದ್ರಾ?"

"ಒಗೀದೆ ಇನ್ನೇನು! ನೀನು ಕೂದಲು ಮೆತ್ತಿದ್ದನ್ನ ತಂದು ಊಟದ ತಟ್ಟೆ ಕೆಳಗೆ ಹಾಕಿ ಹೋಗ್ತೀಯ. ನೀನು ಆ ಕಡೆ ಹೋದ ಕೂಡಲೇ ಒಗೆದು, ಇಸ್ತ್ರಿ ಹಾಕಿ ಹಾಸ್ತೀನಿ. ಪಾಪ, ಬೆಚ್ಚಗೆ ಕೂತ್ಕೊಂಡು ತಿಂತಾನೆ."

ಹುಡುಗಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಟವೆಲ್ಲು ಹಿಡಿದೇ ನೆಟ್ಟಗೆ ನಿಂತಳು.

"ಹಾಗಾದ್ರೆ ದೊರೆ ಬೇಡ ಅಂದಿಲ್ಲ ದೊಡ್ಡಮ್ಮ. ಅವನನ್ನ ಇನ್ನೂ ಯಾರೂ ಕೇಳೇ ಇಲ್ಲ. ಇನ್ನೊಂದು ವಾರ ಕೊಡಿ. ಟವೆಲ್ ಮುಟ್ಟಬೇಡಿ, ಅಷ್ಟೇ. ಮಿಕ್ಕಿದ್ದು ನನಗೆ ಬಿಡಿ."

"ಕೊಳೆ ಬಟ್ಟೆ ಕಣ್ಣೆದುರಿಗಿದ್ರೆ ನಂಗೆ ನಿದ್ದೆ ಹತ್ತಲ್ಲ ಕಣೇ."

"ಮರಿ ಟೈರೊಳಗೆ ಮಲಗಿದ್ರೆ ಹತ್ತುತ್ತಾ?"

ದೊಡ್ಡಮ್ಮ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದರು. ಉಸ್ಸಪ್ಪಾ ಎನ್ನುತ್ತ ಮೊಣಕಾಲೂರಿ, ಮೇಜಿನ ಕೆಳಗೆ ಕೈಹಾಕಿ ಮರಿಯನ್ನು ಎಳೆದುಕೊಂಡು, ಕಾಲರಿನ ಕರೆ ತಿಕ್ಕುವ ಹಾಗೆ ಟವೆಲ್ಲಿನಿಂದ ತಿಕ್ಕತೊಡಗಿದರು.

"ಮೆಲ್ಲಗೆ, ದೊಡ್ಡಮ್ಮಾ!"

"ನಂಗೆ ಹೇಳಿಕೊಡಬೇಡ."

ಮೂರನೆಯ ದಿನ ಪ್ಯಾಂಟು ಒಯ್ಯಲು ಬಂದ ಗಿರಾಕಿ ಮೂಗರಳಿಸಿದ. "ಏನ್ರೀ ಇದು, ಲಾಂಡ್ರಿಯೊಳಗೆ ಬೆಕ್ಕಿನ ವಾಸನೆ?"

ದೊಡ್ಡಮ್ಮ ಮೂಲೆಯ ಕಡೆ ನೋಡಿದರು. ಟವೆಲ್ಲಿನ ಬಣ್ಣ ಹಳದಿಯೆಂದು ಹೇಳುವ ಹಾಗಿರಲಿಲ್ಲ. ದೊರೆ ಅದನ್ನೊಮ್ಮೆ ಮೂಸಿ, ಗುರ್ ಎಂದು, ಆದರೂ ಒಂದು ಕಾಲನ್ನು ಅದರ ಮೇಲೂರಿ ತಿನ್ನುತ್ತಿದ್ದ. ಅವರ ಕೈ ತಾನಾಗಿಯೇ ಅತ್ತ ಚಾಚಿತು. ಚಾಚಿದ ಕೈಯನ್ನು ಹಿಂದಕ್ಕೆಳೆದು, ಎರಡೂ ಕೈ ಕಟ್ಟಿಕೊಂಡು ನಿಂತರು.

"ಎಲ್ಲಿ ಬಂತು?" ಎಂದರು. "ವಾಸನೆ ಟವೆಲ್ಲಿಗೆ ಇನ್ನೂ ಸರಿಯಾಗಿ ಹತ್ತೇ ಇಲ್ಲ."