ಬಾಗಿಲು ಮೇಲಿದೆ

ಹಾರುವ ಬೂಟು ಬಂದು ಹನ್ನೊಂದು ವರ್ಷವಾಗಿತ್ತು. ಊರಿನ ಕಚೇರಿಗಳೆಲ್ಲ ಮೆಟ್ಟಿಲು, ಲಿಫ್ಟು ಕಿತ್ತುಹಾಕಿ ಬಾಗಿಲನ್ನು ನಾಲ್ಕನೇ ಮಹಡಿಗೆ ಏರಿಸಿದ್ದವು. ಬೂಟು ಹಾರುವುದು ಕಾಲಿನ ಬಲದಿಂದ. ಬಸಲಿಂಗವ್ವನ ಕಾಲುಗಳಲ್ಲಿ ಬಲವಿರಲಿಲ್ಲ.

ಮಗಳು ಸುವರ್ಣಾಳ ಮದುವೆ ನೋಂದಣಿಗೆ ಸಾಕ್ಷಿಯಾಗಿ ತಾನೇ ಸಹಿ ಹಾಕಬೇಕೆಂದು ಆಕೆಗೆ ಆಸೆ. ಗಾಲಿಕುರ್ಚಿಯಲ್ಲಿ ಕೂತು ಗಾಲಿ ತಳ್ಳಿಕೊಂಡು ಕಚೇರಿಯ ಗೋಡೆಯ ಬುಡಕ್ಕೆ ಬಂದು ಕೂಗಿದಳು: "ಸಾಹೇಬ್ರ, ರಿಜಿಸ್ಟರ್ ಒಂದೀಟು ಕೆಳಗ ತರ್ರಿ!"

ಗುಮಾಸ್ತ ಬಾಗಿಲಿನಿಂದ ಬಗ್ಗಿ ನೋಡಿದ. "ಅದನ್ನ ಹೊರಗ ತರಂಗಿಲ್ರಿ ಅಮ್ಮಾರ. ನೀವ ಮ್ಯಾಲ ಬರ್ರಿ."

ಅಳಿಯ ಆಕೆಯನ್ನು ಎತ್ತಿಕೊಂಡು ಹಾರಲು ನೋಡಿದ. ಇಬ್ಬರ ಭಾರ ತಾಳದೆ ಬೂಟು ಮೊಳದೆತ್ತರದಿಂದಲೇ ಕೆಳಗಿಳಿಯಿತು.

"ಇವತ್ತ ಬ್ಯಾಡ ಬಿಡವ್ವಾ, ಇನ್ನೊಂದಿನ ಬರೂಣು," ಎಂದು ಸುವರ್ಣಾ ಅತ್ತಳು.

"ಯಾವತ್ತ ಬಂದ್ರೂ ಬಾಗಲಾ ಅಲ್ಲೇ ಇರತೈತಿ. ನೀ ಹೋಗು."

ಆಕೆಯ ಬದಲು ಯಾರೋ ಅಪರಿಚಿತ ಸಹಿ ಹಾಕಿದ. ಮೇಲೆ ಚಪ್ಪಾಳೆ ಕೇಳಿಸಿತು. ಹಾರ ಬದಲಿಸಲು ಎಲ್ಲರೂ ಬಾಗಿಲ ಹೊರಗೆ ತೇಲಿ ನಿಂತರು.

"ಅವ್ವಾ, ಕಾಣತೈತೇನ?" ಸುವರ್ಣಾ ಕೂಗಿ ಕೇಳಿದಳು.

"ಕಾಣತೈತವ್ವಾ, ಭಾಳ ಛಂದ ಕಾಣತೈತಿ," ಎಂದಳು ಬಸಲಿಂಗವ್ವ.

ಅಲ್ಲಿಂದ ಆಕೆಗೆ ಕಾಣುತ್ತಿದ್ದದ್ದು ಬೂಟುಗಳ ತಳ ಮಾತ್ರ. ಅವುಗಳಲ್ಲಿ ಮಗಳವು ಯಾವುವೆಂದು ತಿಳಿಯಲಿಲ್ಲ.