ಇನ್ನೊಬ್ಬ ಆರ್ನೋ ಲಿಂಡೆಕ್

ಪೂರ್ವ ಮತ್ತು ಪಶ್ಚಿಮ ಜರ್ಮನಿಗಳು ಒಂದಾದ ಹೊಸತು. ಪೂರ್ವದ ಹಳೆಯ ಸರ್ಕಾರದ ಗುಟ್ಟಿನ ಕಡತಗಳು ಒಂದೊಂದಾಗಿ ಬಯಲಿಗೆ ಬರುತ್ತಿದ್ದವು. ಆ ಭಾಗದ ಲೈಪ್‌ಜಿಗ್ ನಗರದಲ್ಲಿ ಆರ್ನೋ ಲಿಂಡೆಕ್ ಎಂಬ ಹೆಸರಿನ ಪ್ರಸಿದ್ಧರು ಇಬ್ಬರಿದ್ದರು. ಒಬ್ಬರು ಎಪ್ಪತ್ತು ದಾಟಿದ ಕವಿ, ಇನ್ನೊಬ್ಬ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಇತ್ತೀಚೆಗೆ ಕವಿಯನ್ನು ಸಭೆಗಳಿಗೆ ಯಾರೂ ಕರೆಯುತ್ತಿರಲಿಲ್ಲ. ಅಂಥದ್ದರಲ್ಲಿ ಬೇಕರಿಯ ಹುಡುಗಿ ಅವರ ಹೆಸರು ಕೇಳಿ, "ಅಯ್ಯೋ, ಗೋಲ್‌ಕೀಪರ್ ಹೆಸರೇ ಇಟ್ಕೊಂಡಿದ್ದೀರಲ್ಲ!" ಎಂದು ನಕ್ಕುಬಿಟ್ಟಳು. ಕವಿ ಅಲ್ಲಿಂದ ನೇರವಾಗಿ ಆಟದ ಮೈದಾನಕ್ಕೆ ಹೋದರು.

ಮೈತುಂಬ ಕೆಸರು ಮೆತ್ತಿಕೊಂಡು ಎದುರಿಗೆ ಬಂದು ನಿಂತವನನ್ನು ನೋಡಿ ಅವರಿಗೆ ಹೇಸಿಗೆಯಾಯಿತು. ಚೆಂಡು ಬಂದ ಕಡೆಗೆಲ್ಲ ಬಿದ್ದು ಹೊರಳಾಡುವ ಈ ಪ್ರಾಣಿಗೂ ತನಗೂ ಒಂದೇ ಹೆಸರೇ!

"ಜೀವಮಾನವೆಲ್ಲ ಬರೆದು ಗಳಿಸಿದ ಹೆಸರು ಕಣಯ್ಯ ಅದು. ನಿನ್ನಂಥವರು ಬೆನ್ನ ಮೇಲೆ ಅಂಟಿಸಿಕೊಂಡು ಓಡಾಡೋಕಲ್ಲ. ಮೊದಲು ಅದನ್ನ ಬದಲಾಯಿಸ್ಕೋ."

"ಆಗ್ಲೇ ಬದಲಾಯಿಸ್ಕೊಂಡೆ ಸ್ವಾಮಿ. ಮೊನ್ನೆ ಸರ್ಕಾರದ ಒಪ್ಪಿಗೆಯೂ ಸಿಕ್ತು. ಇನ್ಮೇಲೆ ನಮ್ಮ ಮನೆಯವರಿಗೆಲ್ಲ ನನ್ನ ಹೆಂಡತಿಯ ಮನೆತನದ ಹೆಸರು."

ಇಷ್ಟು ಸುಲಭವಾಗಿ ಗೆಲ್ಲುತ್ತೇನೆಂದು ಕವಿ ಅಂದುಕೊಂಡಿರಲಿಲ್ಲ. ಒಂದು ಮೂಳೆ ಎಸೆದಂತೆ ನಗು ಬೀರಿದರು.

"ಪರವಾಗಿಲ್ವೇ, ನಿನಗೂ ದೊಡ್ಡವರ ಮೇಲೆ ಗೌರವ ಇದೆ. ನನ್ನ ಕವಿತೆ ಓದಿದ್ದೀಯೇನು?"

"ಇಲ್ಲ," ಎಂದ ಗೋಲ್‌ಕೀಪರ್. "ಗೆಳೆಯರನ್ನೇ ಗುಪ್ತ ಪೊಲೀಸರಿಗೆ ಹಿಡಿದುಕೊಟ್ಟ ಕವಿ ಲಿಂಡೆಕ್ ಮನೆಯವಳು ಅಂತ ಶಾಲೇಲಿ ನನ್ನ ಮಗಳ ಪಕ್ಕ ಯಾರೂ ಕೂರ್ತಿರಲಿಲ್ಲ."